ಮೂರನೆಯ ದಾರಿಯ ಕೈಮರ

ಅಂಚೆಯಕ್ಕನ ಎದುರು ಯಾರಾದರೂ ‘ಇವತ್ತು ಗಾಳಿ ಹಿತವಾಗಿದೆ’ ಅಂದರೆ ಸಾಕು, ಇವರಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂತ ಅವಳಿಗೆ ಅನ್ನಿಸುತ್ತಿತ್ತು. ಮೊಸರಲ್ಲಿ ಕಲ್ಲು ಹುಡುಕುವವಳು ಅಂತ ಅವಳ ಗಂಡ ಆಡಿಕೊಳ್ಳುತ್ತಿದ್ದ. ಅವನು ದರ್ಜಿ, ಮಾತಾಡುವಾಗಲೂ ಬಾಯಲ್ಲಿ ಒಂದು ಗುಂಡುಸೂಜಿ ಇರುತ್ತಿತ್ತು.

“ಹುಡುಕ್ತೀನಿ. ಯಾಕಂದ್ರೆ ಒಂದು ಸಲ ಸಿಕ್ಕಿದೆ” ಅನ್ನುವುದು ಅವಳ ಉತ್ತರ.

ಸಿಕ್ಕಿದ್ದು ನಿಜ. ಇಪ್ಪತ್ತೆರಡನೆಯ ವಯಸ್ಸಿಗೆ ಮನೆಮನೆಗೆ ಅಂಚೆ ಹಂಚುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಿಜಿಸ್ಟರ್ ಪತ್ರ ಬಂದಿತ್ತು. ಬಾಗಿಲು ತೆಗೆದವನು ನಗುನಗುತ್ತಾ ‘ನಾನೇ’ ಅಂದ, ಸಹಿ ಹಾಕಿದ, ಕುಡಿಯಲು ನೀರು ಬೇಕಾ ಅಂತಲೂ ಕೇಳಿದ. ಆಮೇಲೆ ಗೊತ್ತಾಯಿತು, ಅವನು ಪತ್ರ ಬರಬೇಕಾದವನಲ್ಲ, ಅವನ ತಮ್ಮ. ಅಣ್ಣನಿಗೆ ಮನೆಯ ಪಾಲಿನ ವಿಚಾರಣೆಯ ದಿನ ತಿಳಿಯದೇ ಹೋಯಿತು, ಪಾಲೂ ಹೋಯಿತು. ಆ ಅಣ್ಣ ಅಂಚೆ ಕಚೇರಿಗೆ ಬಂದು ಕೂಗಾಡಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ. ಅವನು ಕಿಟಕಿಯ ಆಚೆ ನಿಂತು, “ನೀವು ಒಂದು ಮಾತು ಕೇಳಬೇಕಿತ್ತು” ಅಂದ, ಅಷ್ಟೇ. ಅಂದಿನಿಂದ ಅವಳು ಎಲ್ಲರನ್ನೂ ಕೇಳಿದಳು. ಸ್ವಂತ ಚಿಕ್ಕಪ್ಪನಿಗೆ ಪತ್ರ ಕೊಡುವಾಗಲೂ ಗುರುತಿನ ಚೀಟಿ ಕೇಳಿ, ಆ ಮನೆಯವರು ಎರಡು ವರ್ಷ ಅವಳ ಜೊತೆ ಮಾತು ಬಿಡುವ ಹಾಗೆ ಮಾಡಿಕೊಂಡಳು.

ಅವರ ಸೀಮೆಯಲ್ಲಿ ಬೆಟ್ಟಗಳ ನಡುವೆ ಏಳು ಕೆರೆಗಳಿದ್ದವು. ಸರೋವರ ಅಂತ ನೋಡಲು ಬಂದವರು ಅನ್ನುತ್ತಿದ್ದರು, ಕೆರೆ ಅಂತ ಬಟ್ಟೆ ಒಗೆಯುವವರು ಅನ್ನುತ್ತಿದ್ದರು, ನೀರು ಒಂದೇ. ಈ ಏಳು ಕೆರೆಗಳ ದಂಡೆಯ ಮೇಲೆ ಅವಳು ಇಪ್ಪತ್ತೇಳು ವರ್ಷ ಸೈಕಲ್ ತುಳಿದಳು, ದಿನಕ್ಕೆ ಮೂವತ್ತು ಕಿಲೋಮೀಟರು, ಮುಂದೆ ಪತ್ರದ ಚೀಲ, ಹಿಂದೆ ಪಾರ್ಸಲ್ಲು. ಮೊದಲ ಹತ್ತು ವರ್ಷ ಗೇರಿಲ್ಲದ ಕಪ್ಪು ಸೈಕಲ್ಲು, ಆಮೇಲೆ ಮೂರು ಗೇರಿನದು. ಯಾವ ತಿರುವಿನಲ್ಲಿ ಗಾಳಿ ಎದೆಗೆ ಹೊಡೆಯುತ್ತದೆ, ಯಾವ ಇಳಿಜಾರಿನಲ್ಲಿ ಬೆಳಗಿನ ಹೊತ್ತು ಪಾಚಿ ಜಾರುತ್ತದೆ, ಯಾವ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ, ಎಲ್ಲ ಅವಳ ಕಾಲಿಗೆ ಬಾಯಿಪಾಠ.

ನಿವೃತ್ತಿಯಾದ ವಾರವೇ ಪ್ರವಾಸಿ ಕಚೇರಿಯ ಅಧಿಕಾರಿ ಮನೆಗೆ ಬಂದ. ಅಚ್ಚುಕಟ್ಟಾದ ಅಂಗಿ, ಅದಕ್ಕಿಂತ ಅಚ್ಚುಕಟ್ಟಾದ ಮಾತು. “ಹೊರಗಿನಿಂದ ಸೈಕಲ್ ಓಡಿಸೋಕೆ ಅಂತಲೇ ಜನ ಬರ್ತಿದ್ದಾರೆ. ಅವರಿಗೆ ದಾರಿ ಗುರುತು ಮಾಡಿಕೊಡಬೇಕು. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ?”

ಇವನು ಹೊಗಳುತ್ತಿದ್ದಾನೆ, ಒಳಗೆ ಏನೋ ಇದೆ ಅಂದುಕೊಂಡಳು ಅಂಚೆಯಕ್ಕ. ಮೂರು ದಿನ ಯೋಚಿಸಿ, ತನ್ನ ಸಹಿ ಇಲ್ಲದೆ ಯಾವ ದಾರಿಯನ್ನೂ ಬದಲಾಯಿಸುವಂತಿಲ್ಲ ಅಂತ ಕಾಗದದ ಮೇಲೆ ಬರೆಸಿಕೊಂಡು ಒಪ್ಪಿದಳು.

ಹೀಗೆ ಐದು ದಾರಿಗಳಾದವು. ಮೊದಲನೆಯದು ಚಿಕ್ಕ ಕೆರೆಯ ಸುತ್ತ ಒಂಬತ್ತು ಕಿಲೋಮೀಟರು, ಮಕ್ಕಳೂ ತುಳಿಯಬಹುದು. ಐದನೆಯದು ಎಪ್ಪತ್ತು, ತೊಡೆ ಗಟ್ಟಿ ಇದ್ದವರಿಗೆ ಮಾತ್ರ. ಎಲ್ಲಕ್ಕಿಂತ ಚೆಲುವಾದದ್ದು ಮೂರನೆಯದು: ನಲವತ್ತೆರಡು ಕಿಲೋಮೀಟರು, ಮೂರು ಕೆರೆಗಳನ್ನು ನೂಲಿಗೆ ಪೋಣಿಸಿದ ಹಾಗೆ, ನೀರಿಗೆ ಅಂಟಿಕೊಂಡೇ ಓಡುವ ರಸ್ತೆ. ಕವಲು ಬಂದಲ್ಲೆಲ್ಲ ಕೈಮರ ನೆಡಿಸಿ, ಅದರ ಕೈಯನ್ನು ತಾನೇ ತಿರುಗಿಸಿ, ಹದಿಮೂರನೇ ನಂಬರಿನ ಸ್ಪ್ಯಾನರಿನಿಂದ ನಟ್ಟು ಬಿಗಿದಳು. ಜೊತೆಗೊಂದು ಕೈಪುಸ್ತಕ ಬರೆದಳು. ‘ಇಲ್ಲಿಂದ ಒಂದೂವರೆ ಕಿಲೋಮೀಟರು ಏರು. ಮೊದಲು ಸುಲಭ ಅನ್ನಿಸುತ್ತದೆ; ನಂಬಬೇಡಿ.’ ‘ನೀಲಿ ಗೇಟಿನ ನಾಯಿ ಬಾಲ ಆಡಿಸುತ್ತದೆ, ನಂಬಬೇಡಿ.’ ‘ಈ ಇಳಿಜಾರು ನೇರವಾಗಿ ಕಾಣುತ್ತದೆ, ನಂಬಬೇಡಿ, ಬ್ರೇಕ್ ಮೇಲೆ ಬೆರಳಿರಲಿ.’ ಓದಿದವರು ನಕ್ಕರು, ಆದರೆ ಆ ಪುಸ್ತಕ ಹಿಡಿದು ಹೋದವರ್‍ಯಾರೂ ದಾರಿ ತಪ್ಪಲಿಲ್ಲ. ಎರಡು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು.

ಮೂರನೇ ವರ್ಷ, ಸೈಕಲ್ಲಿನವರು ಬರುವ ಕಾಲ ಶುರುವಾಗುವ ಮೊದಲು, ಅವಳ ಭಾವ ಮನೆಗೆ ಬಂದರು. ಅಕ್ಕನ ಗಂಡ. ಮೊದಲು ಮೀನು ಹಿಡಿಯುತ್ತಿದ್ದರು, ಈಗ ದೊಡ್ಡ ಕೆರೆಯಲ್ಲಿ ದೋಣಿ ನಡೆಸುತ್ತಿದ್ದರು. ಆರು ಜನ, ಆರು ಸೈಕಲ್ಲು ಹಿಡಿಸುವ ದೋಣಿ. ಮಾತಿಗೆ ಮೊದಲು ನಗುವ ಮನುಷ್ಯ. ಆ ನಗು ಅವಳಿಗೆ ಮೂವತ್ತು ವರ್ಷದಿಂದ ಅರ್ಥವಾಗಿರಲಿಲ್ಲ.

ಚಹಾದ ಲೋಟ ಹಿಡಿದು ಭಾವ ಅಂದರು, “ಮೂರನೇ ದಾರೀಲಿ, ಒಗೆಯೋ ಕಲ್ಲಿನ ತಿರುವಲ್ಲಿ ದಂಡೆ ರಸ್ತೆ ಸರಿಯಿಲ್ಲ ನೋಡಮ್ಮ. ಈ ಸಲ ಜನರನ್ನ ಗುಡ್ಡದ ಮೇಲಿಂದ ಬಿಡು.”

“ಗುಡ್ಡದ ಮೇಲಿಂದ ಬಿಟ್ರೆ ಎಲ್ಲಿ ಬಂದು ಇಳೀತಾರೆ ಭಾವ?”

“ನಮ್ಮ ದೋಣಿಕಟ್ಟೆ ಹತ್ರ.”

“ಅದಕ್ಕೇ ಕೇಳಿದೆ.”

ಭಾವ ನಕ್ಕರು. ಲೋಟ ಕೆಳಗಿಟ್ಟು ಎದ್ದು ಹೋದರು. ದರ್ಜಿ ಬಾಯಿಂದ ಸೂಜಿ ತೆಗೆದು, “ಪಾಪ, ಅವರು ಹೇಳೋದನ್ನ ಪೂರ್ತಿ ಕೇಳಬಾರದಿತ್ತಾ?” ಅಂದ.

“ಪೂರ್ತಿನೇ ಕೇಳಿದೀನಿ. ಗುಡ್ಡ ಹತ್ತಿ ಸುಸ್ತಾದವನು ಎದುರಿಗೆ ದೋಣಿ ಕಂಡ್ರೆ ಹತ್ತದೇ ಬಿಡ್ತಾನಾ?”

ಹಾಗಂತ ಅವಳು ನೋಡದೇ ಇರಲಿಲ್ಲ. ಮರುದಿನವೇ ಸೈಕಲ್ ಹತ್ತಿ ಆ ತಿರುವಿಗೆ ಹೋದಳು. ಟಾರು ಕಪ್ಪಗೆ, ಗಟ್ಟಿಯಾಗಿ, ಒಂದು ಬಿರುಕೂ ಇಲ್ಲದೆ ಮಲಗಿತ್ತು. ಹಿಮ್ಮಡಿಯಿಂದ ತುಳಿದಳು, ಎಗರಿದಳು, ತಗ್ಗೇನಾದರೂ ಇದೆಯೇ ಅಂತ ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದಳು. ಎದುರಿನಿಂದ ಬಂದ ಹಾಲಿನ ಗಾಡಿಯವನು ಅವಳು ಬಿದ್ದಿದ್ದಾಳೆ ಅಂತ ಇಳಿದು ಓಡಿ ಬಂದ. ಏನೂ ಇಲ್ಲ. ಅಲ್ಲಿಗೆ ಭಾವನ ಹುನ್ನಾರ ಖಾತ್ರಿಯಾಯಿತು ಅಂದುಕೊಂಡು ಮನೆಗೆ ಬಂದಳು.

ತಿಂಗಳು ಕಳೆದಿರಲಿಲ್ಲ, ಪ್ರವಾಸಿ ಕಚೇರಿಗೆ ದೂರು ಬಂತು, ಅಂಚೆಯಕ್ಕನನ್ನು ಕರೆಸಿದರು. ಜೋಡಿ ಸೈಕಲ್ಲಿನಲ್ಲಿ ಬಂದಿದ್ದ ವಯಸ್ಸಾದ ಗಂಡ ಹೆಂಡತಿ ಬೆವರಿಳಿಸುತ್ತಾ ನಿಂತಿದ್ದರು. “ಪುಸ್ತಕ ಎಡಕ್ಕೆ ಅನ್ನುತ್ತೆ, ಕೈಮರ ಬಲಕ್ಕೆ ಅನ್ನುತ್ತೆ. ಯಾವುದನ್ನ ನಂಬೋದು?”

“ಪುಸ್ತಕಾನ” ಅಂದಳು ಅಂಚೆಯಕ್ಕ, ಸ್ವಲ್ಪ ಜೋರಾಗಿಯೇ.

ಹೋಗಿ ನೋಡಿದರೆ ಒಗೆಯುವ ಕಲ್ಲಿನ ತಿರುವಿಗೆ ಮುಂಚಿನ ಕವಲಿನಲ್ಲಿ ಕೈಮರದ ಕೈ ಗುಡ್ಡದ ಕಡೆ ಚಾಚಿತ್ತು. ಗಾಳಿಗೆ ತಿರುಗುವ ವಸ್ತುವಲ್ಲ ಅದು. ಸರಿಮಾಡಿ, ನಟ್ಟನ್ನು ಕೈ ನೋಯುವವರೆಗೆ ಬಿಗಿದು ಬಂದಳು. ಐದು ದಿನಕ್ಕೆ ಮತ್ತೆ ಬಲಕ್ಕೆ. ಮತ್ತೆ ಸರಿಮಾಡಿದಳು. ಈ ಸಲ ಅಂಗಡಿಗೆ ಹೋಗಿ ಕೆಂಪು ಉಗುರು ಬಣ್ಣ ತಂದಳು.

“ಈ ವಯಸ್ಸಿಗೆ ಉಗುರು ಬಣ್ಣವಾ!” ಅಂತ ದರ್ಜಿಗೆ ಖುಷಿಯೇ ಆಯಿತು.

“ನನಗಲ್ಲ, ನಟ್ಟಿಗೆ.”

ನಟ್ಟು ಮತ್ತು ಕಂಬ ಸೇರುವಲ್ಲಿ ಬಣ್ಣದ ಗೆರೆ ಎಳೆದಳು. ನಾಲ್ಕನೆಯ ದಿನ ಗೆರೆ ಎರಡು ತುಂಡಾಗಿತ್ತು. ಯಾರೋ ಸ್ಪ್ಯಾನರ್ ಹಾಕಿಯೇ ತಿರುಗಿಸಿದ್ದಾರೆ. ಆತುರದಲ್ಲಲ್ಲ, ತಿರುಗಿಸಿದ ಮೇಲೆ ನೀಟಾಗಿ ಬಿಗಿದೂ ಹೋಗಿದ್ದಾರೆ. ಅವಳಿಗೆ ಆ ಅಚ್ಚುಕಟ್ಟೇ ಹೆಚ್ಚು ಭಯ ಹುಟ್ಟಿಸಿತು. ತುಂಟರ ಕೆಲಸವಾಗಿದ್ದರೆ ಮುರಿದು ಎಸೆಯುತ್ತಿದ್ದರು.

ಭಾವ ಅನ್ನುವುದು ಮೊದಲ ಅನುಮಾನ. ಆದರೆ ಬೇಗ ಸಿಕ್ಕಿದ ಉತ್ತರವನ್ನು ಅವಳು ನಂಬುವವಳಲ್ಲ. ಗುಡ್ಡದ ನೆತ್ತಿಯಲ್ಲಿ ಒಬ್ಬಳು ಬನ್ನಿನಂಗಡಿ ಇಟ್ಟಿದ್ದಳು. ಅಂಚೆಯಕ್ಕ ಅಲ್ಲಿ ಹೋಗಿ ಕೂತು ಒಂದು ಬನ್ನನ್ನು ಮುಕ್ಕಾಲು ಗಂಟೆ ತಿಂದಳು.

“ಈಚೆಗೆ ಸೈಕಲ್ಲಿನವರು ಜಾಸ್ತಿ ಅಲ್ವಾ?”

“ಹೌದು ಅಂಚೆಯಕ್ಕ, ಯಾವ ಪುಣ್ಯಾತ್ಮನೋ ಈ ಕಡೆ ಕಳಿಸ್ತಿದ್ದಾನೆ.”

‘ಪುಣ್ಯಾತ್ಮ’ ಅನ್ನುವ ಮಾತು ಅವಳ ತಲೆಗೆ ಹುಳ ಬಿಟ್ಟಿತು. ಅವನು ಯಾರು ಅಂತ ಗೊತ್ತಿದ್ದೇ ಹಾಗಂದಳೋ? ಮೇಜು ಒರೆಸುವಾಗ ಮುಖ ಆಚೆ ತಿರುಗಿಸಿದ್ದೇಕೆ? ಅಂಗಡಿಯ ಹಿಂದೆ ನಿಲ್ಲಿಸಿದ್ದ ಸೈಕಲ್ಲಿಗೆ ಸ್ಪ್ಯಾನರಿನ ಚೀಲದಂಥದ್ದು ಬೇರೆ ಕಟ್ಟಿತ್ತು. ಬಿಚ್ಚಿ ನೋಡಿದರೆ ಒಳಗೆ ಬರೀ ಕೊಡೆ.

ಆಮೇಲೆ ಅಧಿಕಾರಿ. ಅವನೇ ಮೂರನೆಯ ದಾರಿಯನ್ನು ಬದಲಿಸಲು ಹೊರಟು, ಅವಳ ಸಹಿ ಬೇಕಾಗುತ್ತದೆ ಅಂತ ಕಳ್ಳದಾರಿ ಹಿಡಿದಿರಬಹುದಲ್ಲ? ಕಚೇರಿಗೆ ಹೋಗಿ, “ಒಗೆಯೋ ಕಲ್ಲಿನ ಬಗ್ಗೆ ನಿಮಗೇನಾದ್ರೂ ಗೊತ್ತಾ?” ಅಂತ ಕೇಳಿದಾಗ ಅವನು ಒಂದು ಕ್ಷಣ ತಡವರಿಸಿದ. “ಏನೋ ಒಂದು ಅರ್ಜಿ ಬಂದಿತ್ತು. ದಾರಿ ವಿಷಯ ಅಂದ್ರೆ ನಿಮ್ಮನ್ನೇ ಕೇಳಬೇಕು ಅಂತ ಗುಮಾಸ್ತರು ವಾಪಸ್ ಕಳಿಸಿದ್ರು.” ಯಾರ ಅರ್ಜಿ ಅಂತ ಅವನಿಗೆ ನೆನಪಿರಲಿಲ್ಲ. ನೆನಪಿಲ್ಲ ಅನ್ನುವವರನ್ನು ಅವಳು ಎಂದೂ ನಂಬಿದವಳಲ್ಲ.

ಮನೆಗೆ ಬಂದು ಸಲಕರಣೆ ಪೆಟ್ಟಿಗೆ ತೆಗೆದಳು. ಹತ್ತು ಇದೆ, ಹನ್ನೊಂದು ಇದೆ, ಹದಿನಾಲ್ಕೂ ಇದೆ, ಹದಿಮೂರೇ ಇಲ್ಲ. ಬಾಗಿಲ ಬಳಿ ದರ್ಜಿಯ ಚಪ್ಪಲಿ ಇತ್ತು. ಅಂಚಿಗೆ ಕೆಂಪು ಮಣ್ಣು. ದಂಡೆಯಲ್ಲಿ ಇರುವುದು ಕರಿ ಮಣ್ಣು. ಕೆಂಪು ಮಣ್ಣು ಗುಡ್ಡದ ದಾರಿಯದು. ಅವಳು ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಳು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡನ ಚಪ್ಪಲಿ ಅದು. ನಾಚಿಕೆ ಒಂದು ಕಡೆ, ಹುಳ ಒಂದು ಕಡೆ. ಕೊನೆಗೆ ಹುಳವೇ ಗೆದ್ದಿತು.

“ಹದಿಮೂರು ಎಲ್ಲಿ?”

“ಯಾವ ಹದಿಮೂರು?” ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದ.

“ಗುಡ್ಡಕ್ಕೆ ಯಾಕೆ ಹೋಗಿದ್ರಿ?”

ಯಂತ್ರ ನಿಂತಿತು. ಅವನು ಮೊದಲು ಚಪ್ಪಲಿಯನ್ನು ನೋಡಿದ, ಆಮೇಲೆ ಅವಳನ್ನು. “ಬನ್ನಿನಂಗಡಿಯವಳ ಕಿಟಕಿ ಪರದೆಗೆ ಅಳತೆ ತಗೊಳ್ಳೋಕೆ. ಬೇಕಾದ್ರೆ ಅಳತೆ ಚೀಟಿ ಅಲ್ಲಿದೆ, ತೋರಿಸಲಾ? ಇನ್ನು ನಿನ್ನ ಸ್ಪ್ಯಾನರ್ ನಿಮ್ಮಕ್ಕ ಬಂದು ಕೇಳಿ ತಗೊಂಡು ಹೋದ್ರು, ದೋಣಿ ಮೋಟಾರಿಗೆ ಬೇಕಂತ, ಅವರದ್ದು ಸವೆದು ಹೋಗಿದೆಯಂತೆ. ನನ್ನನ್ನೂ ಹಿಡಿದು ಕೇಳ್ತೀಯಲ್ಲ, ನಿನಗೆ ಯಾರಾದ್ರೂ ಒಬ್ಬರು ಉಳಿದಿದ್ದಾರಾ?”

ಅವಳು ಚಪ್ಪಲಿಯನ್ನು ಬಾಗಿಲ ಬಳಿ ತಿರುಗಿ ಇಟ್ಟು ಬಂದಳು. ಅಂದು ಅವನು ಊಟದ ತಟ್ಟೆಯನ್ನು ಯಂತ್ರದ ಬಳಿಗೇ ತೆಗೆದುಕೊಂಡು ಹೋದ. ಆದರೂ ಅವಳ ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು: ದೋಣಿಯ ಮೋಟಾರಿಗೆ ಹದಿಮೂರು ಯಾಕೆ ಬೇಕು?

ಪಕ್ಕದ ಮನೆಯಿಂದ ಒಂದು ಹದಿಮೂರು ಕೇಳಿ ತಂದು, ಸಂಜೆಯೇ ಹೋಗಿ ಕೈಮರವನ್ನು ಮತ್ತೆ ದಂಡೆಯ ಕಡೆಗೆ ತಿರುಗಿಸಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಒಗೆಯುವ ಕಲ್ಲುಗಳ ಹಿಂದೆ, ಪೊದೆಯ ಮರೆಯಲ್ಲಿ ಸೈಕಲ್ ಮಲಗಿಸಿ ತಾನೂ ಕೂತಳು. ನೀರಿನ ಮೇಲೆ ಹೊಗೆಯಂಥ ಮಂಜಿತ್ತು. ಸ್ವಲ್ಪ ಹೊತ್ತಿಗೆ ಹುಟ್ಟಿನ ಸದ್ದು ಕೇಳಿಸಿತು, ಮೋಟಾರು ಹಾಕಿರಲಿಲ್ಲ. ದೋಣಿ ದಡಕ್ಕೆ ತಾಗಿತು. ಭಾವ ಇಳಿದು, ಕವಲಿನ ತನಕ ನಡೆದು, ಜೇಬಿನಿಂದ ಅವಳದೇ ಸ್ಪ್ಯಾನರ್ ತೆಗೆದು ನಟ್ಟಿಗೆ ಹಾಕಿದರು.

“ಮೋಟಾರು ರಿಪೇರಿ ಆಯ್ತಾ ಭಾವ?”

ಅವರು ಬೆಚ್ಚಿಬಿದ್ದರು. ಆದರೆ ಸ್ಪ್ಯಾನರನ್ನು ಬಚ್ಚಿಡಲಿಲ್ಲ. “ಇನ್ನೊಂದು ಸುತ್ತು ಇದೆ, ತಡಿ” ಅಂದು ನಟ್ಟು ಸಡಿಲಿಸತೊಡಗಿದರು.

“ಮುಟ್ಟಬೇಡಿ! ನಾಚಿಕೆ ಆಗಲ್ವಾ? ನಾಲ್ಕು ಜನ ದೋಣಿ ಹತ್ತಲಿ ಅಂತ ನನ್ನ ಹೆಸರು ಕೆಡಿಸ್ತೀರಾ?”

“ಜನ ಹತ್ತಿದ್ದು ನಿಜ. ಹತ್ತಬೇಡಿ ಅಂತ ನಾನೂ ಅನ್ನಲಿಲ್ಲ” ಅಂದರು ಭಾವ. ಈ ಸಲ ಮಾತಿಗೆ ಮೊದಲು ನಗಲಿಲ್ಲ. “ಬಾ, ದೋಣಿ ಹತ್ತು.”

“ಎಲ್ಲಿಗೆ?”

“ನಿನ್ನ ರಸ್ತೆ ನೋಡೋಕೆ.”

“ರಸ್ತೆ ಇಲ್ಲಿದೆ. ನೀರಿಗೆ ಯಾಕೆ ಹೋಗಬೇಕು?” ಅಂದವಳು ಹಾಗೇ ನಿಂತಳು. ಅವರು ಹುಟ್ಟು ಹಿಡಿದು ಕಾದರು. ಇದರಲ್ಲೂ ಏನಾದರೂ ಇರಬಹುದೇ ಅಂತ ಅವರ ಮುಖ ನೋಡಿದಳು. ವಯಸ್ಸಾದ, ನಿದ್ದೆಗೆಟ್ಟ ಮುಖ ಅಷ್ಟೇ ಕಾಣಿಸಿತು. ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು ದೋಣಿ ಹತ್ತಿದಳು.

ನೂರು ಹುಟ್ಟು ಹಾಕುವಷ್ಟರಲ್ಲಿ ದೋಣಿ ತಿರುವಿನ ಕೆಳಗೆ ಬಂತು. ಇಪ್ಪತ್ತೇಳು ವರ್ಷ ಅವಳು ಈ ರಸ್ತೆಯನ್ನು ಮೇಲಿನಿಂದ ಮಾತ್ರ ನೋಡಿದ್ದಳು. ಕೆಳಗೆ, ರಸ್ತೆಯನ್ನು ಹೊತ್ತು ನಿಲ್ಲಬೇಕಾಗಿದ್ದ ಕಲ್ಲಿನ ಗೋಡೆ ಹತ್ತು ಮಾರು ಉದ್ದಕ್ಕೆ ಇರಲೇ ಇಲ್ಲ. ಕಲ್ಲುಗಳು ನೀರಿನ ತಳದಲ್ಲಿ ಬಿದ್ದಿದ್ದವು. ಗೋಡೆಯ ಹಿಂದಿನ ಮಣ್ಣನ್ನು ಅಲೆ ಕೊರೆದು ಕೊರೆದು, ಹುಳುಕು ಹಲ್ಲಿನ ಹಾಗೆ ಒಂದು ಕತ್ತಲೆಯ ಪೊಟರೆ ಆಗಿತ್ತು. ಒಳಗೆ ಬೇರುಗಳು ನೇತಾಡುತ್ತಿದ್ದವು. ಅವಳು ಕೆನ್ನೆ ತಾಗಿಸಿ ಪರೀಕ್ಷೆ ಮಾಡಿದ್ದ ಆ ಕಪ್ಪು ಟಾರು ಅದರ ಮೇಲೆ ಒಂದು ಗೇಣು ದಪ್ಪದ ಮುಚ್ಚಳದ ಹಾಗೆ ಕೂತಿತ್ತು.

“ಮೊದಲು ನೋಡಿದಾಗ ಒಳಗೆ ಕೈ ಹೋಗ್ತಿತ್ತು. ಈಗ ದೋಣಿ ಮೂತಿ ಹೋಗುತ್ತೆ” ಅಂದರು ಭಾವ.

ಅವಳು ಬಾಯಿ ತೆರೆಯುವಷ್ಟರಲ್ಲಿ ದೂರದಲ್ಲಿ ಗಂಟೆಯ ಸದ್ದು ಕೇಳಿತು. ಕವಲಿನ ಕಡೆಯಿಂದ ಆರು ಜನ ಸಾಲಾಗಿ, ಬಣ್ಣಬಣ್ಣದ ಹೆಲ್ಮೆಟ್ ಹಾಕಿಕೊಂಡು ಬರುತ್ತಿದ್ದರು. ಕೈಮರ ಅವಳು ನಿನ್ನೆ ಸಂಜೆ ತಿರುಗಿಸಿಟ್ಟ ಹಾಗೇ ದಂಡೆ ತೋರಿಸುತ್ತಿತ್ತು.

“ನಿಲ್ಲಿ! ಬರಬೇಡಿ!” ಅವಳು ದೋಣಿಯಲ್ಲಿ ಎದ್ದು ನಿಂತು ಎರಡೂ ಕೈ ಬೀಸಿದಳು. ಗಾಳಿ ಆಚೆ ಕಡೆಗಿತ್ತು. ಮುಂದಿದ್ದವನು ಅವಳನ್ನು ಕಂಡು ನಕ್ಕು ತಾನೂ ಕೈ ಬೀಸಿದ. ಹಿಂದಿದ್ದವರೂ ಬೀಸಿದರು. ದೋಣಿ ವಾಲಿತು, ಭಾವ ಅವಳ ಸೆರಗು ಹಿಡಿದೆಳೆದು ಕೂರಿಸಿದರು. ಆರೂ ಸೈಕಲ್ಲುಗಳು ಅವರ ತಲೆಯ ಮೇಲೆ, ಒಂದಾದ ಮೇಲೆ ಒಂದು, ಜುಂಯ್ ಅಂತ ಹಾದುಹೋದವು. ಪ್ರತಿ ಸಲವೂ ಪೊಟರೆಯ ಚಾವಣಿಯಿಂದ ಒಂದು ಹಿಡಿ ಮಣ್ಣು ಉದುರಿ ನೀರಿಗೆ ಬಿತ್ತು. ಆರನೆಯವನು ಹೋದಾಗ ಮುಷ್ಟಿಯಷ್ಟು ದೊಡ್ಡ ಕಲ್ಲೊಂದು ಬಂದು ದೋಣಿಯ ಹಲಗೆಗೆ ಬಡಿಯಿತು. ಅಷ್ಟೇ. ಅವರು ದಾಟಿದರು.

ಅಂಚೆಯಕ್ಕ ಭಾವನ ಕಡೆ ತಿರುಗಿದಳು. “ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?”

“ಹೇಳೋಕೇ ಬಂದಿದ್ದೆ. ನೀನು, ಇದನ್ನ ಯಾಕೆ ಹೇಳ್ತಿದ್ದೀರಿ ಅಂತ ಕೇಳಿದೆ. ಏನು ನೋಡಿದ್ರಿ ಅಂತ ಕೇಳಲಿಲ್ಲ.”

“ಕಚೇರಿಗಾದ್ರೂ ಹೇಳಬಹುದಿತ್ತಲ್ಲ?”

“ಅರ್ಜಿ ಕೊಟ್ಟೆ. ದೋಣಿಯವರು ನೀವೇ ಅಲ್ವಾ ಅಂತ ನಕ್ಕರು. ದಾರಿ ವಿಷಯ ಅಂಚೆಯಕ್ಕನ್ನ ಕೇಳಿ ಅಂದ್ರು.”

ದಡಕ್ಕೆ ಬಂದ ಕೂಡಲೇ ಅವಳು ಕೈಮರವನ್ನು ತಾನೇ ಗುಡ್ಡದ ಕಡೆ ತಿರುಗಿಸಿದಳು. ಸೈಕಲ್ಲನ್ನು ದಂಡೆ ರಸ್ತೆಗೆ ಅಡ್ಡ ಮಲಗಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಭಾವ ಆಚೆ ತುದಿಗೆ ಹೋಗಿ ದೋಣಿಯ ಹಗ್ಗ ಕಟ್ಟಿ ಆ ಕಡೆಯ ದಾರಿಯನ್ನೂ ಮುಚ್ಚಿದರು. ಹಾಲಿನ ಗಾಡಿಯವನು ಬಂದು ಕೂಗಾಡಿದ, ಇಬ್ಬರು ಬೈದು ಹಿಂದೆ ತಿರುಗಿದರು. ಬಿಸಿಲೇರಿದ ಮೇಲೆ ಅಧಿಕಾರಿ ಬಂದ. ರಸ್ತೆಯನ್ನು ಬೂಟಿನಿಂದ ಕುಟ್ಟಿ, “ಕಲ್ಲಿನ ಹಾಗಿದೆಯಲ್ಲ ಅಮ್ಮ! ನಿಮಗೆ ಎಲ್ಲದರ ಮೇಲೂ ಅನುಮಾನ” ಅಂದ.

“ದೋಣಿ ಹತ್ತಿ, ಆಮೇಲೆ ಮಾತಾಡಿ” ಅಂದಳು.

ದೋಣಿಯಿಂದ ಇಳಿದವನೇ ಅವನು ರಸ್ತೆ ಇಲಾಖೆಗೆ ಫೋನ್ ಮಾಡಿದ. ಎರಡು ದಿನ ಬಿಟ್ಟು ರಸ್ತೆ ಕೆಲಸದವರು ಬಂದರು. ಒಬ್ಬ ಹಾರೆ ಎತ್ತಿ ಟಾರಿಗೆ ಒಂದೇ ಏಟು ಹಾಕಿದ. ಹಾರೆ ಅವನ ಕೈತಪ್ಪಿ ಒಳಗೆ ಇಳಿದು, ಕೆಳಗೆ ನೀರಿನಲ್ಲಿ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಗೋಡೆ ಮತ್ತೆ ಕಟ್ಟಲು ಐದು ತಿಂಗಳು ಹಿಡಿಯಿತು. ಅಷ್ಟು ದಿನವೂ ಮೂರನೆಯ ದಾರಿ ಗುಡ್ಡದ ಮೇಲಿಂದಲೇ ಹೋಯಿತು. ದೋಣಿ ತುಂಬಿತು, ಬನ್ನಿನಂಗಡಿಗೆ ಹೊಸ ಪರದೆ ಬಂತು. ಅಂಚೆಯಕ್ಕ ಮನೆಯಲ್ಲಿ ದರ್ಜಿಯ ಎದುರು ಕೂತು, “ಚಪ್ಪಲಿ ವಿಷಯದಲ್ಲಿ ನಾನು ಹಾಗೆ ಕೇಳಬಾರದಿತ್ತು” ಅಂದಳು. ಅವನು, “ಕೇಳಿದ್ದಕ್ಕಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಕೇಳಿದೆಯಲ್ಲ, ಅದಕ್ಕೆ ಹೆದರಿದೆ” ಅಂದ. ಇಬ್ಬರಿಗೂ ನಗು ಬಂತು.

ಭಾವನ ಜೊತೆ ಅಷ್ಟು ಸುಲಭವಾಗಲಿಲ್ಲ. ಅವಳು ಕ್ಷಮೆ ಕೇಳಲು ಹೋದಾಗ ಅಕ್ಕ ಬಾಗಿಲಲ್ಲೇ ನಿಲ್ಲಿಸಿ, “ಮೂವತ್ತು ವರ್ಷ ನನ್ನ ಗಂಡನ್ನ ಕಳ್ಳನ ಹಾಗೆ ನೋಡಿದೀಯ, ಒಂದು ದಿನ ಬಂದು ತಪ್ಪಾಯ್ತು ಅಂದ್ರೆ ಆಗೋಯ್ತಾ?” ಅಂತ ಚೆನ್ನಾಗಿ ಬೈದಳು. ಅಂಚೆಯಕ್ಕ ನಿಂತು ಕೇಳಿಸಿಕೊಂಡಳು. ಬೈದು ಮುಗಿಸಿದ ಅಕ್ಕ ಒಳಗೆ ಕರೆದು ಚಾಪೆ ಹಾಸಿದಳು.

ಅವಳ ಗುಣವೇನೂ ಪೂರ್ತಿ ಬದಲಾಗಲಿಲ್ಲ. ಮರುವರ್ಷ ಭಾವ ಮತ್ತೆ ಬಂದು, ಐದನೆಯ ದಾರಿಯ ಮೋರಿಯ ಹತ್ತಿರವೂ ಗೋಡೆ ಹಾಳಾಗಿದೆ, ಮುಚ್ಚಿಸುವುದು ಒಳ್ಳೆಯದು ಅಂದರು. ಅದನ್ನು ಮುಚ್ಚಿದರೂ ಜನ ದೋಣಿಗೇ ಬರಬೇಕು. ತಲೆಯೊಳಗೆ ಅದೇ ಹಳೆಯ ಹುಳ ಅಲುಗಾಡಿತು. ಅವಳು ಅದನ್ನು ಅದುಮಿಡಲೂ ಇಲ್ಲ, ಮಾತಾಡಲು ಬಿಡಲೂ ಇಲ್ಲ. ನೋಟುಪುಸ್ತಕ ತೆಗೆದುಕೊಂಡು, “ನಡೀರಿ ಭಾವ, ನೋಡೋಣ” ಅಂದು ಅವರಿಗಿಂತ ಮೊದಲೇ ಹೋಗಿ ದೋಣಿಯಲ್ಲಿ ಕೂತಳು.

ಮೋರಿಯ ಬಳಿ ಮೂರು ಕಲ್ಲುಗಳು ಸಡಿಲವಾಗಿದ್ದವು. ಅವಳು ನೀರಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಹಿಂದಿನ ಮಣ್ಣನ್ನು ಒತ್ತಿ ನೋಡಿದಳು, ಗಟ್ಟಿಯಾಗಿತ್ತು.

“ಇಷ್ಟಕ್ಕೆ ದಾರಿ ಮುಚ್ಚಬೇಕಾಗಿಲ್ಲ.”

“ಇವತ್ತು ಮೂರು ಕಲ್ಲು. ನಾಳೆ?”

“ನಾಳೆ ಮತ್ತೆ ಬಂದು ನೋಡೋಣ.”

ಭಾವನಿಗೆ ಅದು ರುಚಿಸಲಿಲ್ಲ. ಹಿಂದಿರುಗುವಾಗ ಪೂರ್ತಿ ಮುಖ ಊದಿಸಿಕೊಂಡೇ ಹುಟ್ಟು ಹಾಕಿದರು. ಅವರು ನಿಜವಾಗಿ ಹೆದರಿ ಹೇಳಿದ್ದೋ, ದೋಣಿ ತುಂಬಲಿ ಅಂತ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ. ಮುಂದಿನ ವಾರ ಗಾರೆಯವನೊಬ್ಬ ಬಂದು ಅರ್ಧ ದಿನದಲ್ಲಿ ಆ ಮೂರು ಕಲ್ಲುಗಳನ್ನು ಕೂರಿಸಿ ಹೋದ. ಐದನೆಯ ದಾರಿ ಒಂದು ದಿನವೂ ಮುಚ್ಚಲಿಲ್ಲ.